ಕೆರೆ ಬತ್ತಿತು, ಮೀನು ಬತ್ತಲಿಲ್ಲ

2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ಹಾವೇರಿ ಜಿಲ್ಲೆಯೂ ಒಣಗಿತು. ನಮ್ಮೂರ ಕೆರೆಯಂಗಳದಲ್ಲಿ ಹುಡುಗರು ಸ್ಟಂಪ್ ನೆಟ್ಟು ಕ್ರಿಕೆಟ್ ಆಡಿದರು. ಬರ ತಟ್ಟದೆ ಉಳಿದದ್ದು ಒಂದೇ, ಮೀನುಗಾರಿಕೆ ಕಚೇರಿ ಫೈಲಿನೊಳಗಿನ ಮೀನು. ಪ್ರತಿ ವರ್ಷದಂತೆ ಆ ವರ್ಷವೂ ಅವು ಒಂದಿಷ್ಟು ಜಾಸ್ತಿಯೇ ಆದವು. ಕೃಷಿ ವಿಶ್ವವಿದ್ಯಾಲಯ ಇಲ್ಲೇ ಧಾರವಾಡದಲ್ಲಿದೆ. ನೀರಿಲ್ಲದೆ ಬೆಳೆಯುವ ಇಂಥ ತಳಿಯನ್ನು ನಮ್ಮ ಗುಮಾಸ್ತರು ಅವರಿಗೂ ಸುಳಿವು ಕೊಡದೆ ಕಂಡುಹಿಡಿದುಬಿಟ್ಟರು.

ಇದು ಹೇಗೆ ಸಾಧ್ಯ ಅಂತ ಕೇಳಬೇಡಿ. ಮೀನು ಮರಿ ಬಿತ್ತನೆಯ ದಿನದಿಂದಲೇ ನೋಡಬೇಕು. ಕಟ್ಲಾ, ರೋಹು, ಗೆಂಡೆ ಮರಿಗಳು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತವೆ. ಅವನ್ನು ಒಂದೊಂದಾಗಿ ಯಾರೂ ಎಣಿಸುವುದಿಲ್ಲ. ತೂತಿನ ಲೋಟದಲ್ಲಿ ಒಮ್ಮೆ ಮೊಗೆದು ಎಣಿಸುತ್ತಾರೆ, ಆಮೇಲೆ ಲೋಟ ಎಣಿಸುತ್ತಾರೆ. ಇದರಲ್ಲಿ ತಪ್ಪೇನಿಲ್ಲ, ಒಳ್ಳೆಯ ಪದ್ಧತಿಯೇ. ತೊಂದರೆ ಶುರುವಾಗುವುದು ಅತಿಥಿಗಳು ಬಂದ ಮೇಲೆ. ಚೀಲವನ್ನು ಬಾಯಿ ಬಿಚ್ಚದೆ ಸ್ವಲ್ಪ ಹೊತ್ತು ಕೆರೆ ನೀರಿನಲ್ಲಿ ತೇಲಿಬಿಡಬೇಕು. ಒಳಗಿನ ನೀರೂ ಹೊರಗಿನ ನೀರೂ ಒಂದೇ ಬಿಸಿಗೆ ಬರಬೇಕು, ಇಲ್ಲದಿದ್ದರೆ ಮರಿ ತಡೆಯಲ್ಲ. ಆದರೆ ಸಾಹೇಬರಿಗೆ ಮುಂದಿನ ಊರಿನಲ್ಲಿ ಭೂಮಿಪೂಜೆ ಇದೆ. ಬಾಗಿನ ಬಿಟ್ಟ ಕೈಯಲ್ಲೇ ಚೀಲ ಹರಿದು ಸುರಿದರು, ಫೋಟೋ ಆಯಿತು, ಗಾಡಿ ಹೊರಟಿತು. ಸಂಜೆಗೆ ದಂಡೆಯಲ್ಲಿ ಬೆಳ್ಳಕ್ಕಿಗಳ ಸಭೆ.

ಫೈಲಿನಲ್ಲಿ ಮಾತ್ರ ಒಂದು ಮರಿಯೂ ಸಾಯುವುದಿಲ್ಲ. ಬಿಟ್ಟದ್ದು 1 ಲಕ್ಷ ಮರಿ, ವರ್ಷಕ್ಕೆ ತಲಾ 1 ಕೆಜಿ, ಒಟ್ಟು 100 ಟನ್. ಮೂರನೇ ಕ್ಲಾಸಿನ ಗುಣಾಕಾರ. ಬಲೆಯೂ ಬೇಡ, ತೆಪ್ಪವೂ ಬೇಡ.

ಹೊರದೇಶದವರು ಮಾತ್ರ ಸುಮ್ನೆ ಕಷ್ಟಪಟ್ಟರು. ಡೆನ್ಮಾರ್ಕಿನ ಪೀಟರ್ಸನ್ ಎಂಬ ವಿಜ್ಞಾನಿ 1890ರ ದಶಕದಲ್ಲಿ ಮೀನಿಗೆ ಗುರುತು ಹಾಕಿ ಬಿಡುತ್ತಿದ್ದ. ಅವನ ಹೆಸರಿನ ಲೆಕ್ಕ ಇವತ್ತಿಗೂ ನಡೆಯುತ್ತದೆ. 200 ಮೀನಿಗೆ ಗುರುತು ಹಾಕಿ ಕೆರೆಗೆ ಬಿಡಿ. ಅವು ಉಳಿದವುಗಳ ಜೊತೆ ಬೆರೆತ ಮೇಲೆ 100 ಹಿಡಿಯಿರಿ. ಅದರಲ್ಲಿ 10ಕ್ಕೆ, ಅಂದರೆ ಹತ್ತರಲ್ಲಿ ಒಂದಕ್ಕೆ ಗುರುತಿದ್ದರೆ ಕೆರೆಯಲ್ಲಿ ಸುಮಾರು 2,000 ಮೀನಿವೆ. ಮುಖ್ಯ ಷರತ್ತು ಇಷ್ಟೇ, ಗುರುತು ಉದುರಬಾರದು, ಗುರುತಿನ ಮೀನು ನಡುವೆ ಮಾಯ ಆಗಬಾರದು. ಈಗ ಊರವರು ಗುರುತಿನ ಮೀನನ್ನೇ ಹುಡುಕಿ ಹಿಡಿದು ಸಾರು ಮಾಡಿದರು ಅಂತಿಟ್ಟುಕೊಳ್ಳಿ. ಎರಡನೇ ಸಲ 100ರಲ್ಲಿ ಗುರುತಿದ್ದದ್ದು ಒಂದೇ. ಲೆಕ್ಕ ನೇರ 20,000ಕ್ಕೆ ಹಾರುತ್ತದೆ! ತಿಂದಷ್ಟೂ ಜಾಸ್ತಿಯಾಗುವ ಮೀನು. ಇಷ್ಟು ಚಂದದ ಸೂತ್ರ ನಮ್ಮ ಕಚೇರಿಯ ಕಣ್ಣಿಗೆ ಇನ್ನೂ ಯಾಕೆ ಬಿದ್ದಿಲ್ಲವೋ.

ಅಮೆರಿಕದವರದು ಇನ್ನೊಂದು ಫಜೀತಿ. ಅವರ ಆಲ್ಬಟ್ರಾಸ್ 4 ಎಂಬ ಹಡಗು ಸಮುದ್ರದ ತಳದಲ್ಲಿ ಬಲೆ ಎಳೆದು ಮೀನಿನ ಅಂದಾಜು ಮಾಡುತ್ತಿತ್ತು. ಬಲೆ ಎಳೆಯುವ ಎರಡು ಉಕ್ಕಿನ ಹಗ್ಗಗಳ ಅಳತೆಯ ಗುರುತು ಒಂದಕ್ಕೊಂದು ತಾಳೆ ಇಲ್ಲ ಅಂತ 2002ರಲ್ಲಿ ಹೊರಬಿತ್ತು. ಬಲೆ ಸೊಟ್ಟ ಹೋಗಿದ್ದರೆ ಲೆಕ್ಕವೂ ಸೊಟ್ಟ ಅಂತ ಮೀನುಗಾರರು ರಂಪ ಎಬ್ಬಿಸಿದರು. ನಮ್ಮಲ್ಲಿ ಆ ಕಾಟವಿಲ್ಲ. ಹಗ್ಗವೇ ಇಲ್ಲದ ಮೇಲೆ ಉದ್ದ ಗಿಡ್ಡ ಎಲ್ಲಿಂದ ಬರಬೇಕು?

ಹಾಗಂತ ನಮ್ಮವರು ಕೆರೆಗೆ ಬರುವುದೇ ಇಲ್ಲ ಅನ್ನುವುದು ಸುಳ್ಳು. ಬರುತ್ತಾರೆ, ಏಪ್ರಿಲ್‌ನಲ್ಲಿ. ಆಗ ನೀರು ಇಳಿದು ನಡುವಿನ ಗುಂಡಿಯಲ್ಲಿ ಮಾತ್ರ ಉಳಿದಿರುತ್ತದೆ. ಇದ್ದಬದ್ದ ಮೀನೆಲ್ಲ ಅಲ್ಲೇ. ಬಲೆ ಬೀಸಿದರೆ ಎಳೆಯಲು ಇಬ್ಬರು ಬೇಕು. "ಈ ಸಲ ಮೀನ ಭಾಳ ಅದಾವ್ರಿ" ಅಂತ ಗುತ್ತಿಗೆದಾರನ ಆಳು ಖುಷಿಯಲ್ಲಿ ಹೇಳುತ್ತಾನೆ, ಸಾಹೇಬರು 'ಸಮೃದ್ಧ' ಅಂತ ಬರೆದುಕೊಳ್ಳುತ್ತಾರೆ. ಈ ವಿಷಯದಲ್ಲಿ ನಾವು ಕೆನಡಾಕ್ಕೆ ಸಮ. ಅಲ್ಲಿ ನ್ಯೂಫೌಂಡ್‌ಲ್ಯಾಂಡ್ ಕಡಲಿನ ಕಾಡ್ ಮೀನು ಕಡಿಮೆಯಾಗುತ್ತಾ ಬಂದರೂ, ಉಳಿದವು ಗುಂಪಾದ ಕಡೆಗೇ ದೊಡ್ಡ ಹಡಗುಗಳು ಹೋದವು. ಬಲೆ ತುಂಬುತ್ತಲೇ ಇತ್ತು. ತುಂಬಿದ ಬಲೆ ನಂಬಿ ಮೀನು ಬೇಕಾದಷ್ಟಿದೆ ಅಂದುಕೊಂಡರು. ದಡದ ಸಣ್ಣ ಮೀನುಗಾರರು ತಮಗೆ ಮೀನು ಸಿಗುತ್ತಿಲ್ಲ ಅಂತ ಬಾಯಿ ಬಡಿದುಕೊಂಡದ್ದು ಯಾರ ಕಿವಿಗೂ ಬೀಳಲಿಲ್ಲ. 1992ರ ಜುಲೈ 2ರಂದು ಅಲ್ಲಿನ ಕಾಡ್ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು.

ಒಬ್ಬ ಹೊಸ ಹುಡುಗ, ಮೀನುಗಾರಿಕೆ ಓದಿ ಬಂದವನು, ನಮ್ಮ ಕೆರೆಗೆ ನಿಜವಾಗಿಯೂ ಬಲೆ ಹಾಕಿ ಲೆಕ್ಕ ಮಾಡಿದನಂತೆ. '40 ಸಾವಿರದಿಂದ 90 ಸಾವಿರದೊಳಗೆ' ಅಂತ ವರದಿ ಕೊಟ್ಟ. ಕಾಣದ ಮೀನಿನ ಲೆಕ್ಕ ಹೀಗೇ ಇರಬೇಕು. ಗದಗಿನ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳಾದರೆ ಕಣ್ಣಿಗಾದರೂ ಕಾಣುತ್ತವೆ. ಮೇಲಿನ ಕಚೇರಿಯಿಂದ ಫೈಲು ವಾಪಸ್ ಬಂತು: 'ನಿಖರ ಸಂಖ್ಯೆ ನಮೂದಿಸಿ ಮರುಸಲ್ಲಿಸುವುದು.' ಎರಡು ಸಂಖ್ಯೆ ಬರೆಯಲು ನಮೂನೆಯಲ್ಲಿ ಜಾಗವಿಲ್ಲ. ಹುಡುಗ ಬೇಜಾರಾಗಿ ನಡುವಿನದು 65,000 ಅಂತ ಬರೆದ. ಹಿರಿಯ ಗುಮಾಸ್ತರು ಕನ್ನಡಕ ಏರಿಸಿ ನೋಡಿದರು. "ತಮ್ಮಾ, ಸೊನ್ನಿ ಭಾಳ ಆದ್ವು. ಎಣಿಸಿಧಂಗ ಕಾಣಂಗಿಲ್ಲ" ಅಂದು ಅದನ್ನು 65,113 ಮಾಡಿದರು. ಸಹಿ ಬಿತ್ತು.

ಆ ಸಂಖ್ಯೆಯ ಮೇಲೆ ಗುತ್ತಿಗೆಯ ಮೊತ್ತ ಏರಿತು. ಹರಾಜಿನ ದಿನ ಬಲೆ ಹಾಕಿ ಹಾಕಿ ಕೈ ಒರಟಾದ ಯಜಮಾನರೊಬ್ಬರು ಹಿಂದಿನ ಸಾಲಿನಿಂದ ಎದ್ದು ನಿಂತರು.

"ಸಾಹೇಬ್ರ, 65 ಸಾವಿರ ನಿಮ್ಮ ಕಡೇನ ಇರ್ಲಿ. ಆ 113 ಅದಾವಲ್ರೀ, ಅವು ಎಲ್ಲದಾವು ಅಷ್ಟು ತೋರಸ್ರಿ. ಅವನ್ನ ಹಿಡ್ಕೊಂಡು ಮನಿಗೆ ಹೋಗ್ತೀನಿ."