ಸಿಯೆನ್ಸಿಯಾನೊ ಗೆದ್ದ ಕಪ್ ಮತ್ತು ಕುಸ್ಕೊದ ಎತ್ತರ: ಪರ–ವಿರೋಧ

ದಕ್ಷಿಣ ಅಮೆರಿಕದ ಫುಟ್‌ಬಾಲ್ ಒಕ್ಕೂಟ ಕಾನ್ಮೆಬೋಲ್ ನಡೆಸುವ ಹಿರಿಯರ ಟೂರ್ನಿಗಳಲ್ಲಿ ಕಪ್ ಎತ್ತಿದ ಪೆರುವಿನ ಕ್ಲಬ್ ಒಂದೇ ಒಂದು. ಅದು ರಾಜಧಾನಿ ಲಿಮಾದ ದೊಡ್ಡ ತಂಡಗಳಲ್ಲಿ ಯಾವುದೂ ಅಲ್ಲ, ಆಂಡಿಸ್ ಬೆಟ್ಟಸಾಲಿನ ಕುಸ್ಕೊ ಊರಿನ ಸಿಯೆನ್ಸಿಯಾನೊ. 2003ರಲ್ಲಿ ಈ ಕ್ಲಬ್ ಖಂಡದ ಎರಡನೇ ದೊಡ್ಡ ಕ್ಲಬ್ ಟೂರ್ನಿ ಕೋಪಾ ಸುಡಾಮೆರಿಕಾನಾ ಗೆದ್ದಿತು. ಕುಸ್ಕೊ ಇರುವುದು ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಮೇಲೆ. ಕ್ಲಬ್ಬಿನ ಮಾತು ಬಂದಾಗಲೆಲ್ಲ ಹಿಂದೆಯೇ ಒಂದು ಪ್ರಶ್ನೆಯೂ ಬರುತ್ತದೆ: 3,000 ಮೀಟರಿಗಿಂತ ಎತ್ತರದ ಊರುಗಳಲ್ಲಿ ಖಂಡಮಟ್ಟದ ಪಂದ್ಯ ಆಡಿಸುವುದು ಸರಿಯೇ?

ಪರ: ಊರು ಎಲ್ಲಿದೆಯೋ ಅಲ್ಲೇ ತವರು

ಸಿಯೆನ್ಸಿಯಾನೊ ಎಂಬ ಹೆಸರಿನ ಅರ್ಥ ‘ಸಿಯೆನ್ಸಿಯಾಸ್ ಶಾಲೆಯವರು’. ಕುಸ್ಕೊದ ವಿಜ್ಞಾನ ಮತ್ತು ಕಲಾ ಶಾಲೆಯನ್ನು ಸಿಮೋನ್ ಬೊಲಿವಾರ್ ಸ್ಥಾಪಿಸಿದ್ದು 1825ರ ಜುಲೈ 8ರಂದು. ಅದೇ ಶಾಲೆಯಿಂದ ಹುಟ್ಟಿದ ಈ ಕ್ಲಬ್ ತನ್ನ ಹುಟ್ಟುದಿನವಾಗಿ ಆಚರಿಸುವುದೂ ಜುಲೈ 8ನ್ನೇ, 1901ರದು. ಅಂದರೆ ಪೆರುವಿನ ಅತಿ ಹಳೆಯ ಕ್ಲಬ್ಬುಗಳಲ್ಲಿ ಇದೂ ಒಂದು. ಆದರೂ 1966ರವರೆಗೆ ದೇಶದ ಚಾಂಪಿಯನ್‌ಷಿಪ್ ಅಂದರೆ ಲಿಮಾ ಮತ್ತು ಅದರ ಮಗ್ಗುಲಿನ ಬಂದರು ಕಾಯಾವ್‌ನ ತಂಡಗಳ ಆಟ, ಅಷ್ಟೇ. ಹುಟ್ಟಿ 65 ವರ್ಷ ಆಗುವ ತನಕ ಈ ಕ್ಲಬ್ಬಿಗೆ ದೇಶದ ಲೀಗಿನ ಬಾಗಿಲೇ ಇರಲಿಲ್ಲ. ಬಾಗಿಲು ತೆರೆದ ಮೇಲೂ ಕುಸ್ಕೊದವರು ಒಳಗೆ ಕಾಲಿಟ್ಟದ್ದು 1970ರ ದಶಕದಲ್ಲಿ. ನ್ಯಾಯ ಅನ್ಯಾಯದ ಲೆಕ್ಕ ಹಾಕುವವರು ಎಣಿಕೆಯನ್ನು ಇಲ್ಲಿಂದ ಶುರುಮಾಡಬೇಕು.

ಈಗ 2003ಕ್ಕೆ ಬರೋಣ. ‘ಎತ್ತರವೇ ಗೆಲ್ಲಿಸಿತು’ ಅನ್ನುವವರಲ್ಲಿ ಹೆಚ್ಚಿನವರು ಪಂದ್ಯಗಳನ್ನು ಒಂದೊಂದಾಗಿ ನೋಡಿರುವುದಿಲ್ಲ. ಬ್ರೆಜಿಲಿನ ಸಾಂಟೋಸ್ ಅದೇ ವರ್ಷ ಖಂಡದ ಅತಿ ದೊಡ್ಡ ಕ್ಲಬ್ ಟೂರ್ನಿ ಕೋಪಾ ಲಿಬೆರ್ಟಡೋರೆಸ್‌ನ ಫೈನಲ್ ಆಡಿದ್ದ ತಂಡ. ಅದರ ವಿರುದ್ಧ ಸಿಯೆನ್ಸಿಯಾನೊ ಬ್ರೆಜಿಲಿನಲ್ಲಿ 1–1 ಸಮ ಮಾಡಿಕೊಂಡು ಬಂದು, ಕುಸ್ಕೊದಲ್ಲಿ 2–1ರಿಂದ ಗೆದ್ದಿತು. ಸೆಮಿಫೈನಲಿನಲ್ಲಿ ಕೊಲಂಬಿಯಾದ ಅಟ್ಲೆಟಿಕೊ ನಾಸಿಯೊನಾಲ್ ತಂಡವನ್ನು ಅದರ ತವರು ಮೆಡೆಯೀನಿನಲ್ಲೇ 2–1ರಿಂದ ಸೋಲಿಸಿತು, ತವರಿನಲ್ಲಿ ಬರೀ 1–0. ಫೈನಲಿನ ಎರಡು ಪಂದ್ಯಗಳಲ್ಲಿ ಮೊದಲನೆಯದು, ಅಂದರೆ ಮೊದಲ ಲೆಗ್, ಡಿಸೆಂಬರ್ 10ರಂದು ಬ್ಯೂನಸ್ ಐರಿಸ್‌ನಲ್ಲಿ. ಎದುರಿಗೆ ಮಾನುಯೆಲ್ ಪೆಲ್ಲೆಗ್ರಿನಿ ತರಬೇತಿಯ ರಿವರ್ ಪ್ಲೇಟ್, ರಿವರಿನ ಸ್ವಂತ ಮೈದಾನ, ಸ್ಕೋರು 3–3. ಸಾಂಟೋಸ್ ಮತ್ತು ಬ್ಯೂನಸ್ ಐರಿಸ್ ಎರಡೂ ಸಮುದ್ರಮಟ್ಟದ ಊರುಗಳು. ಅಲ್ಲಿ ನಾಲ್ಕು ಗೋಲು ಹೊಡೆದು ಸೋಲದೆ ಬಂದ ತಂಡ ಇದು.

ಎರಡನೇ ಲೆಗ್ ಕುಸ್ಕೊದಲ್ಲಿ ನಡೆಯಲೇ ಇಲ್ಲ. ಫೈನಲಿಗೆ 40,000 ಆಸನಗಳ ಕ್ರೀಡಾಂಗಣ ಬೇಕೆಂಬ ನಿಯಮವಿತ್ತು, ಕುಸ್ಕೊದ ಗಾರ್ಸಿಲಾಸೊ ಕ್ರೀಡಾಂಗಣ ಆಗ ಅಷ್ಟು ದೊಡ್ಡದಿರಲಿಲ್ಲ. ಹಾಗಾಗಿ ಡಿಸೆಂಬರ್ 19ರ ಪಂದ್ಯ ಅರೆಕಿಪಾಕ್ಕೆ ಹೋಯಿತು. ಆ ಊರಿನ ಎತ್ತರ ಸುಮಾರು 2,335 ಮೀಟರ್, ಕುಸ್ಕೊಗಿಂತ ಸಾವಿರಕ್ಕೂ ಹೆಚ್ಚು ಮೀಟರ್ ಕೆಳಗೆ. 78ನೇ ನಿಮಿಷದಲ್ಲಿ ಪರಾಗ್ವೆಯ ಕಾರ್ಲೋಸ್ ಲುಗೊ ಹೊಡೆದ ಫ್ರೀ ಕಿಕ್ ಬಲೆ ಸೇರಿತು. ಪಂದ್ಯ ಮುಗಿಯುವಾಗ ಸಿಯೆನ್ಸಿಯಾನೊ ಕಡೆ ಮೈದಾನದಲ್ಲಿ ಉಳಿದಿದ್ದವರು ಒಂಬತ್ತೇ ಜನ, ಇಬ್ಬರಿಗೆ ಕೆಂಪು ಕಾರ್ಡ್ ಆಗಿತ್ತು. 1–0. ಒಂಬತ್ತು ಜನರಲ್ಲಿ ರಿವರನ್ನು ತಡೆದು ನಿಲ್ಲಿಸಿದ್ದು ಗಾಳಿಯಲ್ಲ, ತರಬೇತುದಾರ ಫ್ರೆಡ್ಡಿ ಟೆರ್ನೆರೊ ತಿದ್ದಿ ಕಟ್ಟಿದ ರಕ್ಷಣೆಯ ಸಾಲು ಮತ್ತು ಗೋಲಿನಲ್ಲಿ ನಿಂತ ಆಸ್ಕರ್ ಇಬಾನ್ಯೆಸ್.

ಆ ತಂಡದ ವಯಸ್ಸನ್ನೂ ನೋಡಿ. ಇಬಾನ್ಯೆಸ್‌ಗೆ 36. ಮಿಡ್‌ಫೀಲ್ಡಿನ ಹುವಾನ್ ಕಾರ್ಲೋಸ್ ಬಸಲಾರ್‌ಗೆ 35. ಆರು ಗೋಲು ಹೊಡೆದು ಟೂರ್ನಿಯಲ್ಲೇ ಮುಂದಿದ್ದ ಹೆರ್ಮಾನ್ ಕಾರ್ಟಿಗೂ 35. ಇವರ ಕಾಲ ಮುಗಿಯಿತು ಎಂದು ಬೇರೆ ಕ್ಲಬ್ಬುಗಳು ಕೈಬಿಡುವ ಪ್ರಾಯ. ಎತ್ತರದಲ್ಲಿ ಬದುಕುವುದೇ ಎಲ್ಲವನ್ನೂ ಕೊಡುವುದಾಗಿದ್ದರೆ ಅದೇ ಗಾಳಿ ಕುಡಿಯುವ ಕುಸ್ಕೊದ ಉಳಿದ ಕ್ಲಬ್ಬುಗಳಿಗೂ ಒಂದೊಂದು ಕಪ್ ಸಿಗಬೇಕಿತ್ತು. ಸಿಯೆನ್ಸಿಯಾನೊ ತಾನೇ ಪೆರುವಿನ ಲೀಗ್ ಗೆದ್ದಿಲ್ಲ. 2001, 2005, 2006 ಮೂರರಲ್ಲೂ ಎರಡನೇ ಸ್ಥಾನಕ್ಕೇ ನಿಂತಿತು. 2015ರಲ್ಲಿ ಕೆಳಗಿನ ಡಿವಿಷನ್ನಿಗೆ ಜಾರಿತು. ನಾಲ್ಕು ವರ್ಷ ಅಲ್ಲೇ ಕಳೆದು, 2019ರಲ್ಲಿ ಆ ಡಿವಿಷನ್ ಗೆದ್ದು ಮೇಲೆ ಬಂತು. ಆ ನಾಲ್ಕೂ ವರ್ಷ ಊರಿನ ಎತ್ತರ ಒಂದು ಮೀಟರೂ ಇಳಿದಿರಲಿಲ್ಲ.

ಇನ್ನು, ಎದುರಾಳಿಗೆ ದಾರಿಯೇ ಇಲ್ಲ ಅನ್ನುವುದು ಸರಿಯಲ್ಲ. ಗೊತ್ತಿರುವ ತಂಡಗಳು ಮಾಡುವುದು ಹೀಗೆ: ಹಿಂದಿನ ರಾತ್ರಿ ಸಮುದ್ರಮಟ್ಟದ ಲಿಮಾದಲ್ಲೇ ಉಳಿದು, ಪಂದ್ಯದ ದಿನವೇ, ಕೆಲವೇ ಗಂಟೆ ಮೊದಲು ಹಾರಿ ಬರುವುದು. ತಲೆನೋವು, ವಾಕರಿಕೆ, ನಿದ್ದೆಗೇಡು ಸೇರಿದ ಎತ್ತರದ ಕಾಯಿಲೆ ‘ಸೊರೋಚೆ’ ಜೋರಾಗುವುದು ಬಂದಿಳಿದ ತಕ್ಷಣವಲ್ಲ, ಮೊದಲ ರಾತ್ರಿ ಮತ್ತು ಮಾರನೆಯ ದಿನ. ಎರಡು ದಿನ ಮೊದಲೇ ಬಂದು ಹೊಂದಿಕೊಳ್ಳುತ್ತೇವೆ ಎನ್ನುವ ತಂಡ ಸರಿಯಾಗಿ ಕೆಟ್ಟ ಹೊತ್ತಿಗೇ ಮೈದಾನಕ್ಕಿಳಿಯುತ್ತದೆ. ಹೊಟ್ಟೆಗೆ ಹಗುರವಾದ, ಅಕ್ಕಿ, ಆಲೂಗಡ್ಡೆಯಂಥ ಪಿಷ್ಟದ ಊಟ. ಒಣ ಗಾಳಿಯಲ್ಲಿ ಉಸಿರಿನ ಜೊತೆಗೇ ನೀರು ಹೋಗುವುದರಿಂದ ಬಾಯಾರಿಕೆಗೆ ಕಾಯದೆ ಕುಡಿಯಬೇಕು. ಹೋಟೆಲಿನವರು ಪ್ರೀತಿಯಿಂದ ಕೊಡುವ ಕೋಕಾ ಎಲೆಯ ಚಹಾ ಮಾತ್ರ ಆಟಗಾರರಿಗೆ ಬೇಡ, ಡೋಪಿಂಗ್ ಪರೀಕ್ಷೆಯಲ್ಲಿ ಅದು ಕೊಕೇನಿನಂತೆಯೇ ಕಾಣಿಸಿಕೊಳ್ಳುತ್ತದೆ. ಆಟದಲ್ಲಿ ಮೊದಲ ಇಪ್ಪತ್ತು ನಿಮಿಷ ಓಡಿ ದಣಿಯದೆ, ಸಾಲುಗಳನ್ನು ಹತ್ತಿರ ಇಟ್ಟುಕೊಂಡು, ಚೆಂಡನ್ನು ಕಾಲಿನಿಂದ ಕಾಲಿಗೆ ಗಿಡ್ಡ ಪಾಸಿನಲ್ಲಿ ಆಡಿಸಬೇಕು. 2003ರಲ್ಲಿ ಬದಲಿ ಆಟಗಾರರು ಮೂವರು ಮಾತ್ರ, ಈಗ ಐವರು. ದಣಿದ ಅರ್ಧ ತಂಡವನ್ನೇ ಬದಲಾಯಿಸಬಹುದು.

ಬೆಟ್ಟದಿಂದ ಕೆಳಗಿಳಿಯುವವರಿಗೂ ಕಷ್ಟವಿದೆ. ಬ್ರೆಜಿಲಿನ ಬಂದರುಗಳ ಜಿಗುಟು ಸೆಕೆ, ಕೊಲಂಬಿಯಾದ ಬಾರಾಂಕಿಯಾದ ಮಧ್ಯಾಹ್ನದ ಬಿಸಿಲು ಕುಸ್ಕೊದ ಹುಡುಗರನ್ನು ಹಿಂಡುತ್ತವೆ, ಆ ಊರುಗಳನ್ನು ಯಾರೂ ಪಟ್ಟಿಯಿಂದ ತೆಗೆಯುವುದಿಲ್ಲ. ಗಾರ್ಸಿಲಾಸೊ ಕ್ರೀಡಾಂಗಣವನ್ನು 2004ರಲ್ಲಿ 42,000 ಜನ ಹಿಡಿಸುವಷ್ಟು ದೊಡ್ಡದು ಮಾಡಿದರು, ಅದೇ ವರ್ಷ ಕೋಪಾ ಅಮೆರಿಕದ ಮೂರನೇ ಸ್ಥಾನದ ಪಂದ್ಯ ಅಲ್ಲೇ ನಡೆಯಿತು. 2003ರ ಡಿಸೆಂಬರಿನಲ್ಲಿ ಮಾತ್ರ ಊರಿನವರು ತಮ್ಮ ಕ್ಲಬ್ಬಿನ ಶತಮಾನದ ಪಂದ್ಯ ನೋಡಲು ರಸ್ತೆಯಲ್ಲಿ ಸುಮಾರು 500 ಕಿಲೋಮೀಟರ್ ಹೋಗಬೇಕಾಯಿತು. ಅದು ಆಸನಗಳ ಕೊರತೆಯಿಂದ ಆದದ್ದು, ಅದನ್ನೇ ಎತ್ತರದ ಹೆಸರಿನಲ್ಲಿ ಕಾಯಂ ನಿಯಮ ಮಾಡುವುದನ್ನು ಒಪ್ಪಲಾಗದು.

ವಿರೋಧ: ಅರೆಕಿಪಾ ತೋರಿಸಿದ ದಾರಿ

ಸಿಯೆನ್ಸಿಯಾನೊ ಆ ಕಪ್ಪಿಗೆ ಅರ್ಹ ತಂಡವೇ. ಅದರಲ್ಲಿ ತಕರಾರಿಲ್ಲ. ತಕರಾರು ಇರುವುದು ದೇಹದ ಕೆಲಸದ ಬಗ್ಗೆ, ಅದನ್ನು ‘ತಯಾರಿ’ ಎಂಬ ಒಂದು ಮಾತಿನಲ್ಲಿ ಮುಗಿಸಿಬಿಡಲು ಆಗುವುದಿಲ್ಲ.

3,400 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು. ಒಂದೇ ಒಂದು ಸಲ ಜೋರಾಗಿ ಓಡಲು ಇದರಿಂದ ಏನೂ ತೊಂದರೆಯಿಲ್ಲ, ಗಾಳಿ ತೆಳುವಾದ್ದರಿಂದ ಆ ಓಟ ತುಸು ವೇಗವಾಗಿಯೇ ಆಗಬಹುದು. ತೊಂದರೆ ಬರುವುದು ಎರಡನೆಯ, ಹತ್ತನೆಯ, ಮೂವತ್ತನೆಯ ಓಟಕ್ಕೆ. ಓಟ ಓಟದ ನಡುವೆ ಸ್ನಾಯು ತನ್ನ ಶಕ್ತಿಯನ್ನು ಮತ್ತೆ ತುಂಬಿಕೊಳ್ಳುವುದು ಆಮ್ಲಜನಕದಿಂದ. ಅದು ಕಡಿಮೆಯಾದಾಗ ತುಂಬಿಕೊಳ್ಳಲು ಹೆಚ್ಚು ಹೊತ್ತು ಹಿಡಿಯುತ್ತದೆ. ಅದಕ್ಕೇ ಕೆಳನಾಡಿನ ತಂಡ ಅರ್ಧ ಗಂಟೆ ಚೆನ್ನಾಗಿ ಆಡಿದಂತೆ ಕಂಡು, ಅರವತ್ತು ನಿಮಿಷದ ಹೊತ್ತಿಗೆ ಬಿರುಕು ಬಿಡುತ್ತದೆ: ಹಿಂದಕ್ಕೆ ಓಡಿ ಬರಬೇಕಾದ ವಿಂಗರ್ ಹತ್ತು ಹೆಜ್ಜೆ ತಡವಾಗುತ್ತಾನೆ, ಅಷ್ಟೇ ಸಾಕು. ವಿರಾಮದಲ್ಲಿ ಮೂಗಿಗೆ ಹಿಡಿಯುವ ಆಮ್ಲಜನಕದ ಮಾಸ್ಕ್ ಆ ಹೊತ್ತಿಗೆ ಹಿತ, ಮಾಸ್ಕ್ ತೆಗೆದ ಒಂದೆರಡು ನಿಮಿಷದಲ್ಲಿ ಲಾಭ ಕರಗಿಹೋಗುತ್ತದೆ. ನಿಜವಾಗಿ ಹೊಂದಿಕೊಳ್ಳಲು ಎರಡು ಮೂರು ವಾರ ಬೇಕು. ಉಸಿರಾಟ ಕೆಲವು ದಿನಗಳಲ್ಲಿ ಸರಿಹೋದರೂ ಕೆಂಪು ರಕ್ತಕಣಗಳು ಹೆಚ್ಚಲು ವಾರಗಳೇ ಹಿಡಿಯುತ್ತವೆ. ವಾರದ ನಡುವೆ ಖಂಡದ ಪಂದ್ಯ, ವಾರಾಂತ್ಯಕ್ಕೆ ಲೀಗ್ ಪಂದ್ಯ ಆಡುವ ಕ್ಲಬ್ಬಿಗೆ ಅಷ್ಟು ದಿನ ಎಲ್ಲಿದೆ? ಪಂದ್ಯದ ದಿನವೇ ಹಾರಿ ಬರುವುದು ಪರಿಹಾರವಲ್ಲ, ಎರಡು ಕೆಟ್ಟ ದಾರಿಗಳಲ್ಲಿ ಕಡಿಮೆ ಕೆಟ್ಟದ್ದು.

ಸೆಕೆಯ ಹೋಲಿಕೆಯೂ ನಿಲ್ಲುವುದಿಲ್ಲ. ಸೆಕೆಗೆ ರಾತ್ರಿ ಪಂದ್ಯ ಇದೆ, ನೀರಿನ ವಿರಾಮ ಇದೆ, ಮಂಜುಗಡ್ಡೆಯ ಟವೆಲ್ ಇದೆ. ಒತ್ತಡ ರಾತ್ರಿಯಾದರೆ ಏರುವುದಿಲ್ಲ.

ಚೆಂಡಿನ ವಿಷಯ ಬೇರೆಯೇ ಇದೆ, ಅದನ್ನು ಹತ್ತಿರದಿಂದ ನೋಡಬೇಕು. ಗಾಳಿ ತೆಳುವಾದ್ದರಿಂದ ಚೆಂಡಿಗೆ ತಡೆ ಕಡಿಮೆ, ದೂರ ಹೋಗುತ್ತದೆ, ಬೇಗ ಮುಟ್ಟುತ್ತದೆ. ತಿರುಗಿಸಿ ಹೊಡೆದರೂ ಬಾಗುವುದು ಕಡಿಮೆ, ಏಕೆಂದರೆ ಬಾಗಿಸುವುದೂ ಅದೇ ಗಾಳಿ. ಸಮುದ್ರಮಟ್ಟದಲ್ಲಿ ಕಲಿತ ಕಾಲು ಉದ್ದ ಪಾಸನ್ನು ಗೆರೆಯಾಚೆ ಹಾಕುತ್ತದೆ. ಅಲ್ಲೇ ಕಲಿತ ಗೋಲ್‌ಕೀಪರ್ ದೂರದ ಹೊಡೆತ ಇಳಿಯುತ್ತದೆಂದು ಕಾಯುತ್ತಾನೆ, ಅದು ಇಳಿಯುವ ಮುಂಚೆಯೇ ದಾಟಿರುತ್ತದೆ. ಪ್ರವಾಸಿ ತಂಡ ಅಭ್ಯಾಸಕ್ಕೆಂದು ತಂದ ಚೆಂಡುಗಳಲ್ಲೂ ಮೋಸವಿದೆ. ಕೆಳಗೆ 0.8 ಅಟ್ಮಾಸ್ಫಿಯರ್ ಗಾಳಿ ತುಂಬಿಸಿದ ಚೆಂಡಿನ ಹೊರಗಿನ ಒತ್ತಡ ಕುಸ್ಕೊದಲ್ಲಿ ಮೂರನೇ ಒಂದು ಪಾಲು ಇಳಿಯುವುದರಿಂದ ಗೇಜಿನಲ್ಲಿ 1.1ರ ಮೇಲೆ ತೋರಿಸುತ್ತದೆ. ನಿಯಮ ಒಪ್ಪುವುದು 0.6ರಿಂದ 1.1ರವರೆಗೆ. ಸೂಜಿ ಹಾಕಿ ಗಾಳಿ ಬಿಟ್ಟು ಮತ್ತೆ ಅಳೆಯದಿದ್ದರೆ ಆಟಗಾರ ಅಭ್ಯಾಸ ಮಾಡುವುದು ಕಲ್ಲಿನಂಥ ಚೆಂಡಿನಲ್ಲಿ. ಇದನ್ನು ಗೇಜಿಟ್ಟು ಸರಿಪಡಿಸಬಹುದು. ಚೆಂಡಿನ ಹಾರಾಟವನ್ನು ಯಾವ ಸೂಜಿಯಿಂದಲೂ ಸರಿಪಡಿಸಲಾಗದು.

ಫಲಿತಾಂಶಗಳೂ ಇದನ್ನೇ ಹೇಳುತ್ತವೆ. ದಕ್ಷಿಣ ಅಮೆರಿಕದ ದೇಶಗಳ ನೂರು ವರ್ಷಗಳ 1,460 ಪಂದ್ಯಗಳನ್ನು ಅಳೆದ ಲೆಕ್ಕವೊಂದು 2007ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಬಂತು. ಎರಡು ತಂಡಗಳ ಊರುಗಳ ನಡುವೆ ಎತ್ತರದ ವ್ಯತ್ಯಾಸ ಪ್ರತಿ 1,000 ಮೀಟರ್ ಹೆಚ್ಚಿದಂತೆ ಎತ್ತರದ ತವರು ತಂಡಕ್ಕೆ ಸುಮಾರು ಅರ್ಧ ಗೋಲಿನ ಲಾಭ. ಕುಸ್ಕೊಗೂ ಸಮುದ್ರಕ್ಕೂ ಈ ಲೆಕ್ಕ ಹಾಕಿದರೆ ಒಂದೂವರೆ ಗೋಲಿಗೆ ಮೇಲೆ. 2003ರ ಪಂದ್ಯಗಳನ್ನು ಒಂದೊಂದಾಗಿ ನೋಡಿ ಅನ್ನುವವರು ಚಿಲಿಯ ಯೂನಿವರ್ಸಿದಾದ್ ಕಾತೊಲಿಕಾ ವಿರುದ್ಧದ ಪಂದ್ಯಗಳನ್ನೂ ನೋಡಲಿ: ಕುಸ್ಕೊದಲ್ಲಿ 4–0 ಗೆಲುವು, ಸಾಂಟಿಯಾಗೊದಲ್ಲಿ 1–3 ಸೋಲು. ಆ ನಾಲ್ಕು ಗೋಲು ಇಲ್ಲದಿದ್ದರೆ ರಿವರ್ ತನಕ ಹೋಗುವ ಮಾತೇ ಇರಲಿಲ್ಲ.

ಇನ್ನೂ ಸ್ಪಷ್ಟ ಉದಾಹರಣೆ ಪೆರುವಿನದೇ ಇನ್ನೊಂದು ಪ್ರಾಂತೀಯ ಕ್ಲಬ್, 3,800 ಮೀಟರ್ ದಾಟಿದ ಹುಲಿಯಾಕಾದಲ್ಲಿ ಆಡುತ್ತಿದ್ದ ಬಿನಾಸಿಯೊನಾಲ್. 2019ರ ಲೀಗ್ ಫೈನಲಿನಲ್ಲಿ ಅಲಿಯಾನ್ಸಾ ಲಿಮಾವನ್ನು ತನ್ನ ಊರಲ್ಲಿ 4–1ರಿಂದ ಸೋಲಿಸಿ, ಲಿಮಾದಲ್ಲಿ 0–2ರಿಂದ ಸೋತು ಚಾಂಪಿಯನ್ ಆಯಿತು. 2020ರ ಮಾರ್ಚಿನಲ್ಲಿ ಹುಲಿಯಾಕಾಕ್ಕೆ ಬಂದ ಬ್ರೆಜಿಲಿನ ಸಾವೊ ಪಾವ್ಲೊವನ್ನು 2–1ರಿಂದ ಗೆದ್ದಿತು. ಒಂದೇ ವಾರದಲ್ಲಿ ಬ್ಯೂನಸ್ ಐರಿಸ್‌ಗೆ ಹೋಗಿ ರಿವರ್ ಎದುರು 0–8. ಕೊರೊನಾ ಕಾರಣಕ್ಕೆ ತವರಿನ ಪಂದ್ಯ ಲಿಮಾಕ್ಕೆ ಇಳಿದಾಗ ಅದೇ ರಿವರ್ ಎದುರು 0–6. ಅದೇ ಕ್ಲಬ್, ಅದೇ ವರ್ಷ. ಇದನ್ನು ನೋಡಿದ ಮೇಲೂ ಎತ್ತರ ಚಿಕ್ಕ ವಿಷಯ ಅನ್ನುವುದು ಕಷ್ಟ.

2007ರಲ್ಲಿ ಫಿಫಾ ಮಾಡಿದ್ದನ್ನು ಇಲ್ಲಿ ಯಾರೂ ಕೇಳುತ್ತಿಲ್ಲ. ಇದಕ್ಕಿಂತ ಮೇಲೆ ಅಂತರರಾಷ್ಟ್ರೀಯ ಪಂದ್ಯ ಬೇಡವೆಂದು 2,500 ಮೀಟರಿಗೆ ಗೆರೆ ಎಳೆದು, ಒಂದೇ ತಿಂಗಳಲ್ಲಿ 3,000ಕ್ಕೆ ಏರಿಸಿ, ಬೊಲಿವಿಯಾದ ಲಾ ಪಾಸ್‌ಗೆ ವಿನಾಯಿತಿ ಕೊಟ್ಟು, 2008ರ ಮೇನಲ್ಲಿ ಎಲ್ಲವನ್ನೂ ತಡೆಹಿಡಿಯಿತು. ಅದು ಗಡಿಬಿಡಿಯ ಕೆಲಸ, ಬೆಟ್ಟದ ಜನರಿಗೆ ಮಾಡಿದ ಅವಮಾನವೂ ಹೌದು. ಪೆರುವಿನ ಲೀಗ್ ಕುಸ್ಕೊದಲ್ಲಿ, ಹುಲಿಯಾಕಾದಲ್ಲಿ ನಡೆಯಲೇಬೇಕು, ಅಲ್ಲಿ ಎಲ್ಲರೂ ಎಲ್ಲರ ಊರಿಗೂ ಹೋಗುತ್ತಾರೆ, ವರ್ಷವಿಡೀ ಲೆಕ್ಕ ಸರಿದೂಗುತ್ತದೆ. ಮಾತು ಖಂಡದ ನಾಕ್‌ಔಟ್ ಪಂದ್ಯಗಳದ್ದು ಮಾತ್ರ. ಅಲ್ಲಿ ಎರಡೇ ಪಂದ್ಯ, ಸರಿದೂಗಿಸಲು ಮೂರನೆಯದಿಲ್ಲ. ಅವನ್ನು 3,000 ಮೀಟರಿನ ಕೆಳಗೆ ಆಡಿಸಬೇಕು. ಕುಸ್ಕೊದ ಕ್ಲಬ್ಬುಗಳಿಗೆ ಅರೆಕಿಪಾ ಇದೆ. ಹಾಗೆ ಇಳಿದು ಬರುವ ಕ್ಲಬ್ಬಿಗೆ ಟಿಕೆಟ್ ಆದಾಯದಲ್ಲಾಗುವ ನಷ್ಟವನ್ನೂ, ಊರಿನ ಬೆಂಬಲಿಗರ ಬಸ್ಸಿನ ಖರ್ಚನ್ನೂ ಕಾನ್ಮೆಬೋಲ್ ಭರಿಸಬೇಕು. ನಿಯಮ ಮಾಡುವವರೇ ಅದರ ಬೆಲೆಯನ್ನೂ ಕೊಡಬೇಕಾದದ್ದು.

ಪರ ವಾದದ ದೊಡ್ಡ ಸಾಕ್ಷಿ ಯಾವುದೆಂದು ನೋಡಿ: ಅರೆಕಿಪಾದ ಫೈನಲ್. ಅದೇ ಫೈನಲ್ ಕುಸ್ಕೊದಲ್ಲಿ ನಡೆದಿದ್ದರೆ ಲುಗೊನ ಫ್ರೀ ಕಿಕ್ಕಿನ ಬಗ್ಗೆ ‘ಅಲ್ಲಿನ ಗಾಳಿಯಲ್ಲಿ ಯಾರು ಹೊಡೆದರೂ ಗೋಲಾಗುತ್ತಿತ್ತು’ ಎಂದು ಬ್ಯೂನಸ್ ಐರಿಸ್‌ನಲ್ಲಿ ಇಂದಿಗೂ ಹೇಳುತ್ತಿದ್ದರು. ಸಾವಿರ ಮೀಟರ್ ಕೆಳಗಿಳಿದು ಗೆದ್ದದ್ದರಿಂದ ಆ ಮಾತಿನ ತೂಕ ಹೋಯಿತು. ಮುಂದಿನ ವರ್ಷ, 2004ರ ಸೆಪ್ಟೆಂಬರ್ 7ರಂದು, ಖಂಡದ ಎರಡು ಕಪ್‌ಗಳನ್ನು ಗೆದ್ದವರ ನಡುವಿನ ಪಂದ್ಯ ರೆಕೋಪಾ ಆಡಲು ಅದೇ ಕ್ಲಬ್ ಅಮೆರಿಕದ ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲಿಗೆ, ಸಮುದ್ರದ ದಂಡೆಗೇ ಹೋಯಿತು. ಎದುರಿಗೆ ಅರ್ಜೆಂಟೀನಾದ ಬೊಕಾ ಜೂನಿಯರ್ಸ್. ಕೊನೆಯ ಗಳಿಗೆಯಲ್ಲಿ ರೊಡ್ರಿಗೊ ಸಾರಾಸ್ ಗೋಲು ಹೊಡೆದು 1–1 ಮಾಡಿದ, ಪೆನಾಲ್ಟಿಗಳಲ್ಲಿ ಸಿಯೆನ್ಸಿಯಾನೊ 4–2ರಿಂದ ಗೆದ್ದಿತು.