‘ಊಟ ಆಯ್ತಾ’ ಅಂತ ಕೇಳೋಕೆ ಹೋಗಿ

ಹಿಂದಿ ಕಲಿಯಲು ಶುರು ಮಾಡಿದ ಹೊಸತು. ಜೊತೆಗೆ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರನ್ನು "ಕಾನಾ ಹೋ ಗಯಾ?" ಅಂತ ವಿಚಾರಿಸಿದೆ. ಊಟ ಆಯ್ತಾ ಅಂತ ನನ್ನ ಲೆಕ್ಕ. ಅವರು ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ನನ್ನನ್ನೇ ನೋಡುತ್ತಾ ನಕ್ಕುಬಿಟ್ಟರು. ಊಟಕ್ಕೆ ‘ಖಾನಾ’ ಅನ್ನಬೇಕು. ‘ಕಾನಾ’ ಅಂದರೆ ಒಕ್ಕಣ್ಣ!

ಮಹಾಪ್ರಾಣವನ್ನು ನಾವು ಬರೆಯುತ್ತೇವೆ, ಮಾತಾಡುವಾಗ ನುಂಗುತ್ತೇವೆ. ‘ಧೈರ್ಯ’ ಅನ್ನುವ ಕಡೆ ‘ದೈರ್ಯ’ ಅಂದರೂ ಕನ್ನಡದಲ್ಲಿ ಏನೂ ಮುಳುಗುವುದಿಲ್ಲ. ಹಿಂದಿಯಲ್ಲಿ ಅರ್ಥವೇ ಬದಲಾಗುತ್ತದೆ. ಅಂಗೈಯನ್ನು ಬಾಯಿ ಮುಂದೆ ಹಿಡಿದು ಕಾನಾ, ಖಾನಾ ಅಂತ ಹೇಳಿ ನೋಡಿ. ಎರಡನೆಯದಕ್ಕೆ ಉಸಿರು ಕೈಗೆ ಬಡಿಯಬೇಕು.

ಅದಕ್ಕೇ ಹೇಳೋದು, ಹಿಂದಿ ವಾಕ್ಯಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಬೇಡಿ. ಮೊದಲು ಕಿವಿ ಕೊಟ್ಟು ಕೇಳಿ. ಮಹಾಪ್ರಾಣವೊಂದನ್ನು ಬಿಟ್ಟರೆ ನಾವು ಬರೆದಿದ್ದನ್ನೆಲ್ಲ ಉಚ್ಚರಿಸುವ ಜನ, ಹಿಂದಿಯವರು ಹಾಗಲ್ಲ. ಬರೆಯೋದು ‘ಸಮಝಾ’, ಅನ್ನೋದು ‘ಸಮ್‌ಝಾ’. ಬರೆಯೋದು ‘ವಹ’, ಅನ್ನೋದು ‘ವೋ’. ‘ಬಹನ’ ಬಾಯಲ್ಲಿ ‘ಬೆಹೆನ್’ ಆಗುತ್ತದೆ. ಇನ್ನು ‘ಹೈ’ ಅನ್ನೋದನ್ನು ನಾವು ‘ಹಯ್’ ಅಂತ ಒತ್ತುತ್ತೇವಲ್ಲ, ಅದು ನಿಜಕ್ಕೂ ‘ಹೇ’ಗೂ ‘ಹ್ಯಾ’ಗೂ ನಡುವಿನ ಒಂದು ದನಿ. ಯಾವ ಕನ್ನಡ ಅಕ್ಷರದಲ್ಲೂ ಅದನ್ನು ಹಿಡಿಯೋಕಾಗಲ್ಲ.

(ಹಿಂದಿ ಹೇರಿಕೆ ಬಗ್ಗೆ ನನ್ನ ವಿರೋಧ ಹಾಗೇ ಇದೆ. ಹೇರುವುದು ಬೇರೆ, ಬೇಕು ಅಂತ ಕಲಿಯುವುದು ಬೇರೆ.)

ವಾಕ್ಯದ ವಿಷಯಕ್ಕೆ ಬಂದರೆ ಇಂಗ್ಲಿಷ್ ಮೂಲಕ ಹಿಂದಿ ಕಲಿಯುವವರನ್ನು ಕಂಡರೆ ಅಯ್ಯೋ ಅನ್ಸುತ್ತೆ. ಹಿಂದಿ ವಾಕ್ಯದ ಕಟ್ಟು ಕನ್ನಡಕ್ಕೇ ಹತ್ತಿರ. ‘ನನಗೆ ಗೊತ್ತು’ ಅಂದರೆ ‘ಮುಝೇ ಪತಾ ಹೈ’, ಅದೇ ‘ನನಗೆ’. ‘ಬಿದ್ದುಹೋಯ್ತು’ ಅಂದರೆ ‘ಗಿರ್ ಗಯಾ’, ಅದೇ ‘ಹೋಗು’. ನಮ್ಮ ‘ನೀರು ಗೀರು’ ಅಲ್ಲಿ ‘ಪಾನೀ ವಾನೀ’. ನಮ್ಮ ‘ಗೀ’ ಜಾಗದಲ್ಲಿ ಅವರು ‘ವ’ ಇಟ್ಟುಕೊಂಡಿದ್ದಾರೆ, ಅಷ್ಟೇ. ಹಾಗಂತ ಕಂಡ ಪದವನ್ನೆಲ್ಲ ನಮ್ಮದು ಅಂತ ನಂಬಬೇಡಿ. ಅವರ ‘ಶಿಕ್ಷಾ’ ಶಿಕ್ಷಣ, ‘ಅವಸರ್’ ಅವಕಾಶ, ‘ಉಪನ್ಯಾಸ್’ ಕಾದಂಬರಿ.

ನನ್ನನ್ನು ನಿಜವಾಗಿ ಸುಸ್ತು ಮಾಡಿದ್ದು ಲಿಂಗ. ನಮಗೆ ಪುಸ್ತಕ, ಕಾಗದ, ಗಡ್ಡ, ಮೀಸೆ ಎಲ್ಲವೂ ‘ಅದು’. ಅಲ್ಲಿ ಕಿತಾಬ್ ಹೆಣ್ಣು, ಕಾಗಜ್ ಗಂಡು. ಗಡ್ಡ ಮೀಸೆ ಎರಡೂ ಹೆಣ್ಣು! ಓದಿದವನು ಗಂಡಸಾದರೂ ‘ಮೈಂನೇ ಕಿತಾಬ್ ಪಢೀ’. ಕ್ರಿಯಾಪದ ನನ್ನನ್ನು ಬಿಟ್ಟು ಪುಸ್ತಕದ ಹಿಂದೆ ಹೋಗುತ್ತದೆ. ಇದಕ್ಕೆ ನಿಯಮ ಹುಡುಕಿ ತಿಂಗಳುಗಟ್ಟಲೆ ಹಾಳು ಮಾಡಿಕೊಂಡೆ. ಆಮೇಲೆ ಒಂಟಿ ಪದ ಕಲಿಯುವುದನ್ನೇ ನಿಲ್ಲಿಸಿ ‘ಮೇರೀ ಕಿತಾಬ್’, ‘ಮೇರಾ ಕಾಗಜ್’ ಅಂತ ಜೋಡಿಯಾಗಿಯೇ ನಾಲಿಗೆಗೆ ಹತ್ತಿಸಿದೆ. ಈಗ ಹತ್ತರಲ್ಲಿ ಏಳೆಂಟು ಸರಿ ಬೀಳುತ್ತವೆ.

ತಪ್ಪು ಹೇಳಿದರೆ ನಗುತ್ತಾರೆ, ನಗಲಿ ಬಿಡಿ. ‘ಆಪ್’ (ನೀವು) ಮತ್ತು ‘ದೀಜಿಯೇ’ (ಕೊಡಿ) ಅನ್ನುವ ಮರ್ಯಾದೆಯ ಮಾತು ಬಾಯಲ್ಲಿದ್ದರೆ ಮಿಕ್ಕಿದ್ದನ್ನು ಜನ ಕ್ಷಮಿಸುತ್ತಾರೆ.

ಸಂಖ್ಯೆಗಳು ಮಾತ್ರ ಇನ್ನೂ ಬಂದಿಲ್ಲ. 59 ಉನಸಠ್, 69 ಉನಹತ್ತರ್, 79 ಉನಾಸೀ. ಜಾಡು ಸಿಕ್ಕಿತು ಅನ್ನುವಷ್ಟರಲ್ಲಿ 89 ನವಾಸೀ! ಯಾರಾದರೂ ಫೋನ್ ನಂಬರನ್ನು ಎರಡೆರಡಂಕಿ ಸೇರಿಸಿ ಹೇಳಲು ಶುರು ಮಾಡಿದರೆ ಈಗಲೂ ನಾನು ಕೈ ಅಡ್ಡ ಹಿಡಿದು "ಏಕ್ ಏಕ್ ಕರ್‌ಕೇ ಬೋಲಿಯೇ" ಅಂತೀನಿ.