ನಗಿಸುವ ಸಿನಿಮಾಗೂ ಬ್ಲೂ-ರೇ ಬೇಕು

ಡಿವಿಡಿಗಿಂತ ಸ್ಪಷ್ಟ ಚಿತ್ರ ಕೊಡುವ ಬ್ಲೂ-ರೇ ಡಿಸ್ಕ್ ಲಘು ಪ್ರೇಮಕಥೆಗೆ ದಂಡ, ಅದೇನಿದ್ದರೂ ಹೊಡೆದಾಟದ ಸಿನಿಮಾಗೆ ಅಂತ ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಇಂಥ ಸಿನಿಮಾದಲ್ಲಿ ನೋಡಬೇಕಾದ್ದೇ ಮುಖಗಳನ್ನು, ಅಲ್ವಾ? ನಾಯಕಿ ನಗು ತಡೆದುಕೊಳ್ಳುವಾಗ ತುಟಿಯ ಅಂಚು ಸ್ವಲ್ಪ ನಡುಗುತ್ತದೆ. ಹಿಂದೆ ನಿಂತ ಗೆಳತಿ ಮುಖ ಸೊಟ್ಟ ಮಾಡುತ್ತಾಳೆ. ಡಿವಿಡಿಯಲ್ಲಿ ಹತ್ತು ಸಲ ನೋಡಿದ್ದ ಸಿನಿಮಾದಲ್ಲೇ ಇದೆಲ್ಲ ನನಗೆ ಕಂಡಿದ್ದು ಬ್ಲೂ-ರೇ ಹಾಕಿದ ಮೇಲೆ. ಡಿವಿಡಿಯ ಚಿತ್ರದಲ್ಲಿ 480 ಅಥವಾ 576 ಅಡ್ಡಗೆರೆ, ಬ್ಲೂ-ರೇಯಲ್ಲಿ 1080; ಗೆರೆ ಹೆಚ್ಚಿದಷ್ಟೂ ವಿವರ ಹೆಚ್ಚು. ಎರಡು ಪದರದ ಡಿಸ್ಕ್‌ನಲ್ಲಿ 50 ಜಿಬಿ ಜಾಗ ಇರುವುದರಿಂದ ಚಿತ್ರವನ್ನು ಜಾಸ್ತಿ ಹಿಂಡಿ ಚಿಕ್ಕದು ಮಾಡಬೇಕಾಗಿಲ್ಲ. ಮಂದ ಬೆಳಕಿನ ದೃಶ್ಯ ಚೌಕ ಚೌಕವಾಗಿ ಒಡೆಯುವುದು ಕಡಿಮೆ.

ಆದರೆ ಟಿವಿಯಲ್ಲಿ ಮೋಷನ್ ಸ್ಮೂತಿಂಗ್ ಆಫ್ ಮಾಡಿಕೊಳ್ಳಿ. ಸೆಕೆಂಡಿಗೆ 24 ಫ್ರೇಮ್‌ನಲ್ಲಿ ತೆಗೆದ ಸಿನಿಮಾಗೆ ಟಿವಿ ತಾನೇ ಫ್ರೇಮ್ ಸೇರಿಸಿದರೆ ಎಲ್ಲವೂ ಧಾರಾವಾಹಿ ಥರ ಕಾಣುತ್ತದೆ. ಇದು ಗೊತ್ತಿಲ್ಲದೆ ನಾನು ಎಷ್ಟೋ ದಿನ ಸುಮ್ನೆ ಡಿಸ್ಕನ್ನು ಬೈಯುತ್ತಿದ್ದೆ! ಹಳೆ ಸಿನಿಮಾದಲ್ಲಿ ಚಿತ್ರದ ತುಂಬ ಕಾಣುವ ಸಣ್ಣ ಕಾಳಿನಂಥ ಚುಕ್ಕಿಗಳು (ಗ್ರೇನ್) ದೋಷವಲ್ಲ, ಫಿಲ್ಮ್‌ನ ಗುಣ.

ಒಂದೇ ತೊಂದರೆ, ಮೇಕಪ್ ಜಾಸ್ತಿ ಆಗಿದ್ದರೆ ಅದೂ ಕಾಣುತ್ತದೆ. ಮೊನ್ನೆ ಅಳುವ ದೃಶ್ಯದಲ್ಲಿ ಕಣ್ಣೀರಿಗಿಂತ ಪೌಡರ್ ಮೇಲೇ ಗಮನ ಹೋಗಿ ನಕ್ಕುಬಿಟ್ಟೆ.